ಚಿನ್ನದ ಪೀಠವನ್ನು ಕಾಪಾಡಿದ ರಾಜಮಾತೆ

ಗೌರವ ಕೊಡುವುದಕ್ಕೆ ನಾವು ‘ಮಣೆ ಹಾಕುವುದು’ ಎನ್ನುತ್ತೇವೆ. ಮದುವೆಯಾಗುವುದೆಂದರೆ ಹಸೆಮಣೆ ಏರುವುದು. ಕೂರುವ ಮರದ ತುಂಡಿಗೆ ಇಷ್ಟು ಅರ್ಥ ಕೊಟ್ಟವರು ನಾವು ಮಾತ್ರವಲ್ಲ. ಪಶ್ಚಿಮ ಆಫ್ರಿಕಾದ ಘಾನಾ ದೇಶದ ಅಸಾಂಟೆ ಜನ ಒಂದು ಪೀಠಕ್ಕಾಗಿ ಯುದ್ಧವನ್ನೇ ಮಾಡಿದರು. ಆ ಯುದ್ಧದ ಮುಂದಾಳು ಒಬ್ಬ ಮಹಿಳೆ. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಬರೆಯಲು ಕುಳಿತಾಗ ನನಗೆ ಮೊದಲು ನೆನಪಾದದ್ದು ಅವಳ ಕಥೆ.

ಮೊದಲು ಪೀಠ ತಯಾರಾಗುವ ಬಗೆ ನೋಡೋಣ. ಕುಮಾಸಿ ನಗರದ ಹತ್ತಿರದ ಅಹ್ವಿಯಾ ಎಂಬ ಊರು ಮರಗೆತ್ತನೆಗೆ ಹೆಸರುವಾಸಿ. ಅಲ್ಲಿನ ಸಣ್ಣ ಕಾರ್ಯಾಗಾರಗಳಲ್ಲಿ ಬಾಚಿ, ಉಳಿ, ಚಾಕು ಹಿಡಿದು ಪೀಠ ಕೆತ್ತುತ್ತಾರೆ. ‘ಸೆಸೆ’ ಎಂಬ ಬಿಳಿಯ, ಮೆದುವಾದ ಮರ ಇದಕ್ಕೆ ಒಗ್ಗುತ್ತದೆ. ನಾನು ಎಂಟೆಕ್ ಓದಿದವಳು. ಯಾವ ವಸ್ತು ಕಂಡರೂ ಜೋಡಣೆ ಎಲ್ಲಿದೆ ಎಂದು ಹುಡುಕುವ ಅಭ್ಯಾಸ. ಇದರಲ್ಲಿ ಮೊಳೆಯಿಲ್ಲ, ಅಂಟಿಲ್ಲ, ಜೋಡಣೆಯೇ ಇಲ್ಲ. ಚಪ್ಪಟೆ ತಳ, ನಡುವಿನ ಕೆತ್ತನೆ, ಅರ್ಧಚಂದ್ರದಂತೆ ಬಾಗಿದ ಆಸನ, ಮೂರೂ ಒಂದೇ ದಿಮ್ಮಿಯಿಂದ ಬರುತ್ತವೆ. ಒಂದು ಏಟು ತಪ್ಪಿದರೂ ತೇಪೆ ಹಾಕುವಂತಿಲ್ಲ.

ಪೀಠದಲ್ಲಿ ಅದರ ಒಡೆಯನ ಆತ್ಮ ನೆಲೆಸುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಬಳಸದಿರುವಾಗ ಬೇರೆಯವರು ಕೂರದಂತೆ ಅದನ್ನು ಪಕ್ಕಕ್ಕೆ ಮಲಗಿಸಿಡುತ್ತಾರೆ.

ಇಂಥ ಪೀಠಗಳಿಗೆಲ್ಲ ದೊಡ್ಡದು ‘ಸಿಕಾ ದ್ವಾ ಕೋಫಿ’, ಅಂದರೆ ಚಿನ್ನದ ಪೀಠ. ದೊರೆ ಒಸೈ ಟುಟುವಿನ ಕಾಲದಲ್ಲಿ ಪುರೋಹಿತ ಒಕೊಂಫೊ ಅನೊಚೆ ಅದನ್ನು ಆಕಾಶದಿಂದ ಇಳಿಸಿದನೆಂದು ಐತಿಹ್ಯ. ಅದು ಇಡೀ ಜನಾಂಗದ ಆತ್ಮ. ಅದರ ಮೇಲೆ ದೊರೆಯೂ ಕೂರುವುದಿಲ್ಲ.

ಬ್ರಿಟಿಷರಿಗೆ ಇದು ಅರ್ಥವಾಗಲಿಲ್ಲ. 1896ರಲ್ಲಿ ದೊರೆ ಪ್ರೆಂಪೆಯನ್ನು ಸೆರೆಹಿಡಿದು ಗಡಿಪಾರು ಮಾಡಿದರು. 1900ರ ಮಾರ್ಚ್‌ನಲ್ಲಿ ಕುಮಾಸಿಗೆ ಬಂದ ಗವರ್ನರ್ ಫ್ರೆಡರಿಕ್ ಹಾಡ್ಜ್‌ಸನ್, ಆ ಪೀಠವನ್ನು ತಂದುಕೊಡಿ, ಅದರ ಮೇಲೆ ಕೂರುವ ಹಕ್ಕು ನನ್ನದು ಎಂದು ಕೇಳಿದ. ಮುಖಂಡರಲ್ಲಿ ಕೆಲವರು ಹಿಂಜರಿದರು. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಹಿಂಜರಿಯಲಿಲ್ಲ. ಅವಳ ಮುಂದಾಳುತನದಲ್ಲಿ ಅಸಾಂಟೆಯರು ಗವರ್ನರ್ ಇದ್ದ ಕೋಟೆಯನ್ನೇ ಮುತ್ತಿದರು. ಕೊನೆಗೆ ಅವಳು ಸೆರೆಯಾದಳು. ಸೇಶೆಲ್ಸ್ ದ್ವೀಪಕ್ಕೆ ಗಡಿಪಾರಾಗಿ, 1921ರಲ್ಲಿ ಅಲ್ಲೇ ತೀರಿಕೊಂಡಳು. ನಾಡು ಬ್ರಿಟಿಷರ ಪಾಲಾಯಿತು, ಆದರೆ ಪೀಠ ಅವರಿಗೆ ಸಿಗಲೇ ಇಲ್ಲ. ಜನ ಅದನ್ನು ಬಚ್ಚಿಟ್ಟಿದ್ದರು.

1922ರಲ್ಲಿ ಬ್ರಿಟಿಷ್ ರಾಜಕುಮಾರಿ ಮೇರಿಯ ಮದುವೆಗೆ ಅಸಾಂಟೆಯ ರಾಜಮಾತೆಯರು ಒಂದು ಬೆಳ್ಳಿಯ ಪೀಠವನ್ನು ಉಡುಗೊರೆ ಕೊಟ್ಟರು. ದಬಾಯಿಸಿ ಕೇಳಿದವನಿಗೆ ಸಿಗದ ಪೀಠ, ಮದುವಣಗಿತ್ತಿಗೆ ಪ್ರೀತಿಯಿಂದ ಸಿಕ್ಕಿತು. ಈ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇದು. ಕುಮಾಸಿಯಲ್ಲಿ ಈಗ ಯಾ ಅಸಾಂಟೆವಾ ಹೆಸರಿನ ಹೆಣ್ಣುಮಕ್ಕಳ ಶಾಲೆ ಇದೆ. ನಮ್ಮ ಮಕ್ಕಳಿಗೆ ಕಿತ್ತೂರು ಚೆನ್ನಮ್ಮನ ಕಥೆ ಹೇಳುವಾಗ ಇವಳ ಕಥೆಯನ್ನೂ ಸೇರಿಸಿ ಹೇಳೋಣ.