ಕಾಳಿಯ ಹಲ್ಲು

ಗದಗ ಸೀಮೆಯ ರೈತ ಸಂತೆಯಲ್ಲಿ ಎತ್ತು ಕೊಳ್ಳುವಾಗ ಮೊದಲು ನೋಡುವುದು ಅದರ ಬಾಯಿ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದರ ಮೇಲೆ ಬೆಲೆ. ಹೊಲ ಕಾಯುವ ನಾಯಿಯ ತುಟಿ ಎತ್ತಿ ನೋಡುವುದು ಮಾತ್ರ ಅಪರೂಪ.

ನಾಯಿಯ ಹಲ್ಲಿಗೂ ಈ ನಾಡಿನ ಇತಿಹಾಸದಲ್ಲಿ ಜಾಗವಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧ ಗೆದ್ದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ, ಗಂಗರ ಬೂತುಗನಿಗೆ ಬೆಳ್ವೊಲ, ಪುಲಿಗೆರೆ ಮೊದಲಾದ ನಾಡುಗಳನ್ನು, ಎಂದರೆ ಇಂದಿನ ಗದಗ, ಲಕ್ಷ್ಮೇಶ್ವರದ ಸೀಮೆಯನ್ನು ಕೊಟ್ಟ. ಬೂತುಗನ ಬಂಟ ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಅದು ದೊಡ್ಡ ಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಕಾಳಿಗಾಗಿ ಕಲ್ಲು ನೆಟ್ಟು ಭೂಮಿ ಬಿಟ್ಟರು.

ಕಾಳಿಗಿದ್ದ ಆಯುಧ ಹಲ್ಲೊಂದೇ. ಬೆಳೆದ ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಇಂದು ಅವನ್ನು ಕೆಡಿಸುವುದು ಹಂದಿಯ ಕೋರೆಯಲ್ಲ, ವಸಡಿನಂಚಿನ ಕಿಟ್ಟ. ಹಲ್ಲಿಗಂಟಿದ ಪಾಚಿ ಜೊಲ್ಲಿನ ಸುಣ್ಣದಂಶ ಸೇರಿ ಕೆಲವೇ ದಿನಗಳಲ್ಲಿ ಕಲ್ಲಾಗುತ್ತದೆ; ವಸಡು ಊದಿ ಬೇರು ಸಡಿಲವಾಗುತ್ತದೆ. ನೋವಿದ್ದರೂ ಅವು ತಿನ್ನುತ್ತಲೇ ಇರುವುದರಿಂದ ಮನೆಯವರಿಗೆ ತಿಳಿಯುವುದಿಲ್ಲ. ಬಾಯಿ ನಾರಿದರೆ ನಾಯಿಯ ಬಾಯಲ್ಲವೇ ಎಂದು ಸುಮ್ಮನಾಗುತ್ತಾರೆ. ಮರಿಯಿದ್ದಾಗಲೇ ಬ್ರಷ್ ರೂಢಿ ಮಾಡಿಸಬಹುದು. ಆದರೆ ಮನುಷ್ಯರ ಪೇಸ್ಟ್ ಸಲ್ಲದು. ಅವಕ್ಕೆ ಉಗುಳಲು ಬಾರದು, ನುಂಗಿಬಿಡುತ್ತವೆ. ಕಿಟ್ಟ ಕಟ್ಟಿದ ಮೇಲೆ ಪಶುವೈದ್ಯರೇ ಅರಿವಳಿಕೆ ಕೊಟ್ಟು ಕೆರೆದು ತೆಗೆಯಬೇಕು.