ಲಂಡನ್ನಿನ ಹೊಗೆಯೂ ದಾರಿಹೋಕರ ಉಸಿರೂ

ಪರ್ವತದಲ್ಲಿ ಹೊಗೆಯನ್ನು ಕಂಡು ಅಲ್ಲಿ ಅಗ್ನಿಯುಂಟೆಂದು ಊಹಿಸುವುದು ತರ್ಕಶಾಸ್ತ್ರವನ್ನು ಓದುವವರಿಗೆ ಮೊದಲು ಹೇಳಿಕೊಡುವ ದೃಷ್ಟಾಂತವು. ಅಲ್ಲಿ ಹೊಗೆಯು ಪ್ರತ್ಯಕ್ಷ, ಅಗ್ನಿಯು ಅನುಮೇಯ. ಮಹಾನಗರಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಹೊಗೆಯೇ ಅನುಮೇಯವಾದ ಕಾಲವೊಂದು ಬಂದುದು ಕಂಡುಬರುತ್ತದೆ. ಲಂಡನ್ ನಗರವು ಇದಕ್ಕೆ ತಕ್ಕ ನಿದರ್ಶನವು.

ಆ ನಗರದ ಹೊಗೆಯು ಮೊದಲು ಎಲ್ಲರ ಕಣ್ಣಿಗೂ ಬೀಳುವಂತಹುದಾಗಿತ್ತು. 1661ರಲ್ಲಿಯೇ ಜಾನ್ ಎವಿಲಿನ್ ಎಂಬ ವಿದ್ವಾಂಸನು ಕಲ್ಲಿದ್ದಲಿನ ಹೊಗೆಯನ್ನು ಖಂಡಿಸಿ ‘ಫ್ಯೂಮಿಫ್ಯೂಜಿಯಂ’ ಎಂಬ ಗ್ರಂಥವನ್ನು ರಚಿಸಿ ಎರಡನೆಯ ಚಾರ್ಲ್ಸ್ ದೊರೆಗೆ ಅರ್ಪಿಸಿದನು. 1952ನೆಯ ಡಿಸೆಂಬರ್ 5ರಿಂದ 9ರವರೆಗೆ ಕವಿದ ಹೊಗೆಮಂಜಿನಿಂದ ಸುಮಾರು 4,000 ಜನರು ಮಡಿದರೆಂದು ಆಗ ಲೆಕ್ಕಹಾಕಿದರು. ಈಚಿನ ಸಂಶೋಧಕರಲ್ಲಿ ಕೆಲವರು ಆ ಸಂಖ್ಯೆಯನ್ನು 12,000ದವರೆಗೂ ಏರಿಸಿದ್ದಾರೆ. 1956ರಲ್ಲಿ ಶುದ್ಧವಾಯು ಶಾಸನವು ಬಂದಿತು. ಒಲೆಗಳ ಹೊಗೆಯು ಕ್ರಮೇಣ ಅಡಗಿ ಆಕಾಶವು ತಿಳಿಯಾಯಿತು.

ವಸ್ತುತಃ ಹೊಗೆಯು ಮಾಡಿನಿಂದ ಬೀದಿಗೆ ಇಳಿದಿತ್ತು. ಅದೇ 1952ರ ಜುಲೈ ತಿಂಗಳಿನಲ್ಲಿ ನಗರದ ಹಳೆಯ ವಿದ್ಯುತ್ ಟ್ರಾಮುಗಳು ನಿಂತುಹೋಗಿ, ಅವುಗಳ ಸ್ಥಾನಕ್ಕೆ ಡೀಸೆಲ್ ಬಸ್ಸುಗಳು ಬಂದಿದ್ದುವು. ಡೀಸೆಲ್ ಹೊಗೆಯ ಅತಿಸೂಕ್ಷ್ಮ ಕಣಗಳೂ ನೈಟ್ರೊಜನ್ ಡೈಯಾಕ್ಸೈಡೂ ಸೂರ್ಯನನ್ನು ಮರೆಮಾಡುವುದಿಲ್ಲ. ನಡೆಯುವವರ ಮುಖದ ಹತ್ತಿರವೇ ಹೊರಟು, ಇಕ್ಕೆಲದ ಕಟ್ಟಡಗಳ ನಡುವೆ ತಂಗುತ್ತವೆ. ಆದುದರಿಂದ ಊರಿಗೆಲ್ಲ ಗಾಳಿಯು ಒಂದೇ ಎಂಬ ಮಾತು ನಿಲ್ಲದು. ಯಾರು ಎಲ್ಲಿ ಎಷ್ಟು ಹೊತ್ತು ಉಸಿರಾಡಿದರೆಂಬುದೇ ಮುಖ್ಯವು.

2007ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದನ್ನು ಸ್ಪಷ್ಟಪಡಿಸಿತು. ಉಬ್ಬಸವುಳ್ಳ 60 ಮಂದಿ, ಡೀಸೆಲ್ ಬಸ್ಸು ಟ್ಯಾಕ್ಸಿಗಳು ಓಡಾಡುವ ಆಕ್ಸ್‌ಫರ್ಡ್ ಬೀದಿಯಲ್ಲಿ ಒಂದು ದಿನವೂ, ಸಮೀಪದ ಹೈಡ್ ಪಾರ್ಕ್ ಉದ್ಯಾನದಲ್ಲಿ ಮತ್ತೊಂದು ದಿನವೂ ಎರಡೆರಡು ಗಂಟೆ ನಡೆದರು. ಬೀದಿಯಲ್ಲಿ ನಡೆದ ದಿನ ಅವರ ಶ್ವಾಸಕೋಶಗಳ ಶಕ್ತಿಯು ಹೆಚ್ಚಾಗಿ ಕುಗ್ಗಿತು. ಊರೂ ಒಂದೇ, ಜನರೂ ಅವರೇ, ಭೇದವು ದಾರಿಯದು.

ಸೌತ್ ಸರ್ಕ್ಯುಲರ್ ಎಂಬ ಹೆದ್ದಾರಿಯ ಬಳಿ ವಾಸವಾಗಿದ್ದ ಒಂಬತ್ತು ವರ್ಷದ ಬಾಲಿಕೆಯು 2013ರಲ್ಲಿ ಉಬ್ಬಸದಿಂದ ತೀರಿಕೊಂಡಳು. 2014ರ ಮರಣವಿಚಾರಣೆಯು ಗಾಳಿಯ ಮಾತನ್ನು ಎತ್ತಲಿಲ್ಲ. ತಾಯಿಯು ಬಿಡದೆ ಹೋರಾಡಿದುದರಿಂದ 2019ರಲ್ಲಿ ಉಚ್ಚ ನ್ಯಾಯಾಲಯವು ಆ ನಿರ್ಣಯವನ್ನು ರದ್ದುಪಡಿಸಿತು. 2020ರ ಡಿಸೆಂಬರಿನಲ್ಲಿ ಮರಣವಿಚಾರಣಾಧಿಕಾರಿಯು ವಾಯುಮಾಲಿನ್ಯವೂ ಆಕೆಯ ಮರಣಕ್ಕೆ ಒಂದು ಕಾರಣವೆಂದು ತೀರ್ಮಾನಿಸಿದರು. ಆ ದೇಶದಲ್ಲಿ ಇಂತಹ ತೀರ್ಮಾನವು ಅದೇ ಮೊದಲನೆಯದು.

ಕಾರ್ಯದಿಂದ ಕಾರಣವನ್ನು ಊಹಿಸುವುದನ್ನು ನೈಯಾಯಿಕರು ಶೇಷವತ್ ಎಂದು ಕರೆಯುತ್ತಾರೆ. ಎವಿಲಿನ್ನನಿಗೆ ಅದರ ಅಗತ್ಯವಿರಲಿಲ್ಲ; ಅವನು ಹೊಗೆಯನ್ನು ಕಣ್ಣಾರೆ ಕಂಡಿದ್ದನು. ಕಾಣದ ಹೊಗೆಯನ್ನು ಸಾಧಿಸಲು ಶಿಶುವೊಂದರ ಪ್ರಾಣವೇ ಹೇತುವಾಗಬೇಕಾಯಿತೆಂಬುದು ಈ ಚರಿತ್ರೆಯ ದಾರುಣವಾದ ಭಾಗವು. ನಗರಗಳ ಗಾಳಿಯ ಚರಿತ್ರೆಯನ್ನು ಬರೆಯುವವರು ಆಕಾಶವನ್ನು ಮಾತ್ರ ನೋಡದೆ, ದಾರಿಯ ಬದಿಯಲ್ಲಿ ಬಾಳಿದವರನ್ನೂ ವಿಚಾರಿಸಬೇಕು.