ಬೆಳಗಾವಿಯ ತಾಯಂದಿರು ಜಗತ್ತಿಗೆ ಕೊಟ್ಟ ಲೆಕ್ಕ: ರೊಕ್ಕ ಯಾರದು, ಕೇಳಬೇಕಾದವರು ಯಾರು?

ಒಂದು ಪ್ಲಾಸ್ಟಿಕ್ ಚೀಲದಿಂದ ಶುರು ಮಾಡೋಣ. ಹೆರಿಗೆಯಾದ ತಕ್ಷಣ ಬಾಣಂತಿಯ ಕೆಳಗೆ ಹಾಸುವ ಹಾಳೆ ಅದು. ಅದರ ತುದಿಗೆ ಕೊಳವೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಹೋದ ರಕ್ತ ಚೀಲದಲ್ಲಿ ಇಳಿಯುತ್ತದೆ, ಎಷ್ಟು ಮಿಲಿಲೀಟರ್ ಅಂತ ಕಣ್ಣಿಗೆ ಕಾಣುತ್ತದೆ. ಇಷ್ಟೇ. ಚಿಪ್ ಇಲ್ಲ, ಆ್ಯಪ್ ಇಲ್ಲ. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನ್ನಂಥವನಿಗೆ ಇದಕ್ಕಿಂತ ಚಂದದ ಡಿಸೈನ್ ಕಂಡಿದ್ದು ಕಡಿಮೆ.

ಈ ಚೀಲವನ್ನು ರೂಪಿಸಿದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಸಂಶೋಧನೆಗಾಗಿ. ಏಕಸಂಬಿ, ಸದಲಗಾ, ನಿಪ್ಪಾಣಿ, ಅಥಣಿ ಕಡೆಯ ಎಷ್ಟೋ ಮಂದಿಗೆ ಈ ಸುದ್ದಿ ಗೊತ್ತಿಲ್ಲ. ಗೊತ್ತಿರಬೇಕಿತ್ತು. ಯಾಕಂದ್ರೆ ತಾಯಿ-ಮಕ್ಕಳ ಆರೋಗ್ಯಕ್ಕೆ ಸರ್ಕಾರಗಳು ಯಾಕೆ ರೊಕ್ಕ ಹಾಕಬೇಕು, ಅದನ್ನು ನಾಗರಿಕರು ಯಾಕೆ ಕೇಳಬೇಕು ಅನ್ನುವ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ.

ಬೆಳಗಾವಿಯಲ್ಲಿ ನಡೆದದ್ದೇನು?

ಹೆರಿಗೆಯ ನಂತರ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಅಂತಾರೆ. ಜಗತ್ತಿನಲ್ಲಿ ಬಾಣಂತಿಯರ ಸಾವಿಗೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಇದನ್ನು ತಡೆಯಲು ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದರೆ ಅದನ್ನು ತಣ್ಣಗೆ ಇಡಬೇಕು, ಚುಚ್ಚಲು ತರಬೇತಿ ಆದವರು ಬೇಕು. ಇಪ್ಪತ್ತು ವರ್ಷದ ಹಿಂದೆ ಹಳ್ಳಿಯ ಉಪಕೇಂದ್ರದಲ್ಲೋ ಮನೆಯಲ್ಲೋ ಆಗುತ್ತಿದ್ದ ಹೆರಿಗೆಗೆ ಫ್ರಿಜ್ ಎಲ್ಲಿಂದ ತರೋದು?

ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ, ಬೆಲೆಯೂ ಕಡಿಮೆ. ಅದು ನಿಜಕ್ಕೂ ಕೆಲಸ ಮಾಡುತ್ತಾ? 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ 1,620 ಬಾಣಂತಿಯರ ಜೊತೆ ಇದರ ಪರೀಕ್ಷೆ ನಡೆಯಿತು. ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ನಡೆಸಿದರು. ಹೆರಿಗೆ ಮಾಡಿಸಿದವರು 25 ಮಂದಿ ಎಎನ್‌ಎಂಗಳು, ಊರವರು 'ನರ್ಸಬಾಯಿ' ಅಂತ ಕರೆಯುವವರು.

ಫಲಿತಾಂಶ 2006ರ ಅಕ್ಟೋಬರ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಮಾತ್ರೆ ಸಿಕ್ಕವರಲ್ಲಿ ರಕ್ತಸ್ರಾವ ಆದದ್ದು ಶೇ 6.4 ಮಂದಿಗೆ, ಸಿಗದವರಲ್ಲಿ ಶೇ 12ರಷ್ಟು ಮಂದಿಗೆ. ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿಯಿತು. 18 ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಅನ್ನುವುದು ಅದರ ಲೆಕ್ಕ. ಸ್ವಲ್ಪ ಹೊತ್ತು ಚಳಿ, ಜ್ವರ ಬಂದು ಹೋಗುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲ್ ಅನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಚೀಲದ ಕತೆ ಅಲ್ಲಿಗೇ ಮುಗಿಯಲಿಲ್ಲ. ಕಣ್ಣಂದಾಜಿನಲ್ಲಿ ನೋಡಿದರೆ ರಕ್ತದ ಪ್ರಮಾಣ ಮೂರನೇ ಒಂದು ಭಾಗದಷ್ಟು ಕಡಿಮೆ ಕಾಣುತ್ತದೆ ಅನ್ನುವುದು ಬೆಳಗಾವಿಯ ಅಳತೆಯಿಂದ ಗೊತ್ತಾಯಿತು. ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಇಂಥದೇ ಗೆರೆ ಹಾಕಿದ ಚೀಲದಲ್ಲಿ ರಕ್ತ ಅಳೆದು, ತಡ ಮಾಡದೆ ಒಟ್ಟಿಗೇ ಚಿಕಿತ್ಸೆ ಕೊಡುವ ಕ್ರಮವನ್ನು ಪರೀಕ್ಷಿಸಿದರು. 'ಇ-ಮೋಟಿವ್' ಅನ್ನುವ ಆ ಅಧ್ಯಯನದ ಫಲಿತಾಂಶ ಬಂದಿದ್ದು 2023ರಲ್ಲಿ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು, ಈ ಮೂರೂ ಸೇರಿ ಶೇ 60ರಷ್ಟು ಕಡಿಮೆಯಾಗಿದ್ದವು.

'ನಮ್ಮ ಹೆಣ್ಮಕ್ಕಳ ಮ್ಯಾಲೆ ಪ್ರಯೋಗ ಏನ್ರಿ?'

ಈ ಪ್ರಶ್ನೆ ಬಂದೇ ಬರುತ್ತದೆ, ಬರಲೂಬೇಕು. ಆ 1,620 ಮಂದಿಯಲ್ಲಿ 812 ಜನರಿಗೆ ಮಾತ್ರೆ ಸಿಕ್ಕಿತು. 808 ಜನರಿಗೆ ಸಿಕ್ಕಿದ್ದು ಔಷಧಿ ಇಲ್ಲದ ಖಾಲಿ ಮಾತ್ರೆ. ಆಗ ಎಎನ್‌ಎಂಗಳು ಮಾಡಿಸುತ್ತಿದ್ದ ಇಂಥ ಹೆರಿಗೆಗಳಲ್ಲಿ ರಕ್ತಸ್ರಾವ ತಡೆಯುವ ಔಷಧಿ ಕೊಡುವ ರೂಢಿಯೇ ಇರಲಿಲ್ಲ ಅನ್ನುವುದು ಸಂಶೋಧಕರ ಸಮರ್ಥನೆ. ಅದನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು. ಆದರೆ ಒಂದಂತೂ ಖರೆ. ಇವತ್ತು ಜಗತ್ತಿನ ಯಾವುದೋ ಮೂಲೆಯಲ್ಲಿ ಒಬ್ಬ ಬಾಣಂತಿ ಆ ಮಾತ್ರೆಯಿಂದ ಬದುಕಿದರೆ ಅದರಲ್ಲಿ ಬೆಳಗಾವಿಯ 808 ತಾಯಂದಿರ ಪಾಲೂ ಇದೆ. ಅವರಿಗೆ ನಾವು ಸಾಲಗಾರರು.

ರೊಕ್ಕ ಯಾರದು?

ಮುಖ್ಯವಾಗಿ ಅಮೆರಿಕದ ಜನರ ತೆರಿಗೆಯದು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಅಡಿಯಲ್ಲಿ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಒಂದು ವಿಭಾಗ 2001ರಲ್ಲಿ ತಾಯಿ-ಮಕ್ಕಳ ಆರೋಗ್ಯ ಸಂಶೋಧನೆಗೆ 'ಗ್ಲೋಬಲ್ ನೆಟ್‌ವರ್ಕ್' ಕಟ್ಟಿತು. ಬೆಳಗಾವಿ ಅದರ ಒಂದು ಕೇಂದ್ರ. ಗೇಟ್ಸ್ ಫೌಂಡೇಶನ್‌ನಂಥ ಖಾಸಗಿ ದಾನಿಗಳ ಹಣವೂ ಜೊತೆಗೆ ಸೇರಿತು.

ಇದೇ ಜಾಲದ ಎರಡು ದೊಡ್ಡ ಅಧ್ಯಯನಗಳಲ್ಲಿ ಬೆಳಗಾವಿ, ನಾಗಪುರ ಎರಡೂ ಇದ್ದವು. ಚೊಚ್ಚಲ ಬಸುರಿಯರಿಗೆ ದಿನಾ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಪೂರ್ವ ಹೆರಿಗೆ ಶೇ 13.1ರಿಂದ ಶೇ 11.6ಕ್ಕೆ ಇಳಿಯುತ್ತದೆ ಅಂತ 2020ರಲ್ಲಿ ಗೊತ್ತಾಯಿತು. ಹೆರಿಗೆ ನೋವಿನ ಸಮಯದಲ್ಲಿ ಒಂದೇ ಸಲ ಅಜಿತ್ರೊಮೈಸಿನ್ ಕೊಟ್ಟರೆ ತಾಯಿಗೆ ನಂಜೇರುವುದು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯುತ್ತದೆ ಅಂತ 2023ರಲ್ಲಿ ತಿಳಿಯಿತು.

ಸರ್ಕಾರದ ಹಣ ತಾನಾಗಿಯೇ ಹರಿದು ಬರೋದಿಲ್ಲ. ಅಮೆರಿಕದಲ್ಲಿ 1980ರಲ್ಲಿ ಶುರುವಾದ 'ರಿಸಲ್ಟ್ಸ್' ಅನ್ನುವ ಸಂಘಟನೆ ಇದೆ. ಸದಸ್ಯರು ಸಾಮಾನ್ಯ ಜನ. ತಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೀತಾರೆ, ಭೇಟಿಯಾಗ್ತಾರೆ, ಪತ್ರಿಕೆಗಳ ಓದುಗರ ಅಂಕಣಕ್ಕೆ ಬರೀತಾರೆ. ಬಡದೇಶಗಳ ತಾಯಿ-ಮಕ್ಕಳ ಆರೋಗ್ಯದ ನೆರವು ಕಡಿತ ಮಾಡಬೇಡಿ ಅಂತ ವರ್ಷವರ್ಷವೂ ಕೇಳ್ತಾರೆ. ತಮಗೆ ಓಟು ಹಾಕದ, ಮುಖ ನೋಡದ ತಾಯಂದಿರ ಪರವಾಗಿ ತಮ್ಮ ಸಂಸದರನ್ನು ಕೇಳುವ ಜನ ಅವರು.

ನಲ್ಲಿ ಬಂದ್ ಆದರೆ?

2025 ಇದರ ದುರ್ಬಲತೆಯನ್ನು ತೋರಿಸಿತು. ಜನವರಿ 20ರಂದು ಅಮೆರಿಕ ವಿದೇಶಿ ನೆರವಿಗೆ ತಡೆ ಹಾಕಿತು. ಮೇ 1ರಂದು ಎನ್‌ಐಎಚ್, ಅಮೆರಿಕದ ಸಂಸ್ಥೆಗಳ ಮೂಲಕ ವಿದೇಶಿ ಸಂಸ್ಥೆಗಳಿಗೆ ಹಣ ಹೋಗುವ ಹಳೆಯ ಪದ್ಧತಿ ನಿಲ್ಲಿಸಿ ಹೊಸ ವ್ಯವಸ್ಥೆ ತರುತ್ತೇವೆ ಅಂದಿತು. ಜುಲೈ 1ಕ್ಕೆ ಯುಎಸ್‌ಏಡ್ ಬಾಗಿಲು ಮುಚ್ಚಿತು.

ಒಂದೇ ಕಂಬದ ಮೇಲೆ ನಿಂತ ಸೇತುವೆಯನ್ನು ಯಾವ ಇಂಜಿನಿಯರೂ ಪಾಸ್ ಮಾಡೋದಿಲ್ಲ. ನಮ್ಮ ತಾಯಂದಿರ ಕುರಿತ ಜ್ಞಾನವನ್ನು ಮಾತ್ರ ವಾಷಿಂಗ್ಟನ್ನಿನ ಒಂದು ಸಹಿಯ ಮೇಲೆ ನಿಲ್ಲಿಸಿದ್ದೇವೆ. ಹಂಗಾದ್ರೆ ನಮ್ಮ ಸರ್ಕಾರ ಎಷ್ಟು ಹಾಕ್ತಿದೆ?

2025-26ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಇಟ್ಟಿದ್ದು ಸುಮಾರು 99,858 ಕೋಟಿ ರೂಪಾಯಿ. ಅದರಲ್ಲಿ ಆರೋಗ್ಯ ಸಂಶೋಧನಾ ಇಲಾಖೆಗೆ ಸುಮಾರು 3,900 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ನಾಲ್ಕು ರೂಪಾಯಿ. ಕ್ಯಾನ್ಸರ್, ಕ್ಷಯ, ಸಾಂಕ್ರಾಮಿಕ ರೋಗ ಎಲ್ಲಾ ಅದರಲ್ಲೇ. ಒಟ್ಟು ಆರೋಗ್ಯದ ಮೇಲಿನ ಸರ್ಕಾರಿ ಖರ್ಚನ್ನು 2025ರ ಹೊತ್ತಿಗೆ ಜಿಡಿಪಿಯ ಶೇ 2.5ಕ್ಕೆ ಏರಿಸುತ್ತೇವೆ ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. 2021-22ರಲ್ಲಿ ಕೇಂದ್ರ, ರಾಜ್ಯ ಎರಡೂ ಸೇರಿ ಆದ ಖರ್ಚು ಶೇ 1.84.

ಬದಲಾವಣೆ ಆಗಿಲ್ಲ ಅಂತಲ್ಲ. 2001-03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018-20ಕ್ಕೆ ಅದು 69ಕ್ಕೆ ಇಳಿಯಿತು. ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ ಅದೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಬಸುರಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಮೊದಲೇ ರಕ್ತ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಕುತ್ತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸತ್ತರು, ಅವರಿಗೆ ಹಾಕಿದ ಐವಿ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದಿತು. ಆಸ್ಪತ್ರೆ ತನಕ ತಲುಪಿಸಿದರೆ ಕೆಲಸ ಮುಗೀತು ಅನ್ನುವ ನಂಬಿಕೆಗೆ ಅದು ದೊಡ್ಡ ಪೆಟ್ಟು.

ಕೇಳಿದ್ದಕ್ಕೇ ಬಂದದ್ದು

ನಮ್ಮಲ್ಲೂ ಸಿಕ್ಕಿದ್ದೆಲ್ಲಾ ಕೇಳಿದ್ದಕ್ಕೇ ಸಿಕ್ಕಿದ್ದು. 2001ರಲ್ಲಿ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಗಿ ಹೂಡಿದ ಆಹಾರದ ಹಕ್ಕಿನ ಮೊಕದ್ದಮೆಯಿಂದಲೇ ಅಂಗನವಾಡಿಗಳನ್ನು ಎಲ್ಲಾ ಜನವಸತಿಗಳಿಗೂ ವಿಸ್ತರಿಸಬೇಕು ಅನ್ನುವ 2006ರ ಆದೇಶ ಬಂತು. ಏಕಸಂಬಿಯ ಬಸುರಿ ಇವತ್ತು 'ಮಾತೃಪೂರ್ಣ'ದ ಬಿಸಿಯೂಟ ಉಣ್ಣುವುದು ಅಂಥದೇ ಅಂಗನವಾಡಿಯಲ್ಲಿ.

2013ರ ಆಹಾರ ಭದ್ರತಾ ಕಾಯ್ದೆ ಬಸುರಿ-ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಹೆರಿಗೆ ಭತ್ಯೆಯ ಹಕ್ಕು ಕೊಟ್ಟಿತು. 2017ರಲ್ಲಿ ಜಾರಿಯಾದ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಕೊಟ್ಟಿದ್ದು 5,000. ಬಾಕಿಯನ್ನು ಜನನಿ ಸುರಕ್ಷಾ ಯೋಜನೆಯ ಲೆಕ್ಕಕ್ಕೆ ಸೇರಿಸಿದರು. ಎರಡನೇ ಮಗುವಿಗೆ ಸಿಗೋದು ಅದು ಹೆಣ್ಣಾದರೆ ಮಾತ್ರ. ಕಾಯ್ದೆಯಲ್ಲಿ ಬರೆದ ಪೂರ್ತಿ ಮೊತ್ತ ಕೊಡಿ ಅಂತ ಕೇಳುತ್ತಾ ಬಂದವರು ಆಹಾರ ಹಕ್ಕಿನ ಕಾರ್ಯಕರ್ತರು ಮತ್ತು ಅರ್ಥಶಾಸ್ತ್ರಜ್ಞರು.

ಇನ್ನು ಆಶಾ ಅಕ್ಕಂದಿರು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು-ರಾತ್ರಿ ಕೂತ ಮೇಲೆಯೇ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಅದರ ಜಾರಿಗಾಗಿ ಮತ್ತೆ ಬೀದಿಗಿಳಿಯಬೇಕಾಯ್ತು. ಬಸುರಿಯ ಮನೆ ಬಾಗಿಲಿಗೆ ಹೋಗುವವಳ ಸಂಬಳದ ಪ್ರಶ್ನೆಯೂ ತಾಯಿ-ಮಕ್ಕಳ ಆರೋಗ್ಯದ ಬಜೆಟ್ಟಿನ ಪ್ರಶ್ನೆಯೇ.

ಏಕಸಂಬಿಯಿಂದ ಕೇಳೋದು ಹೇಗೆ?

ಮಂದಿ ಯಕ್ಸಂಬಾ ಅಂತ ಕರೆಯುವ ಈ ಊರು ಸಣ್ಣದು, ಆದರೆ ಅಧಿಕಾರಕ್ಕೆ ದೂರದ್ದಲ್ಲ. 2014ರಿಂದ 2024ರವರೆಗೆ ಚಿಕ್ಕೋಡಿಯ ಸಂಸದರಾಗಿದ್ದ ಪ್ರಕಾಶ ಹುಕ್ಕೇರಿ, ಅಣ್ಣಾಸಾಹೇಬ ಜೊಲ್ಲೆ ಇಬ್ಬರೂ ಇದೇ ಊರಿನವರು, ಬೇರೆ ಬೇರೆ ಪಕ್ಷದವರು. 2019ರಿಂದ 2021ರವರೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದ ಶಶಿಕಲಾ ಜೊಲ್ಲೆಯವರ ಮನೆಯೂ ಇಲ್ಲೇ. ಈಗಿನ ಸಂಸದೆ ಪ್ರಿಯಾಂಕಾ ಜಾರಕಿಹೊಳಿ. ಹಾಗಾಗಿ 'ನಮ್ಮ ಮಾತು ಯಾರು ಕೇಳ್ತಾರ್ರಿ' ಅನ್ನುವ ನೆಪ ಈ ಊರಿಗೆ ಒಪ್ಪುವುದಿಲ್ಲ.

ಯಾರನ್ನು ಏನು ಕೇಳಬೇಕು ಅನ್ನೋದು ಗೊತ್ತಿರಬೇಕು:

ಒಂದು, ಸಂಸದರನ್ನು. ಆರೋಗ್ಯ ಸಂಶೋಧನೆಯ ಬಜೆಟ್, ಮಾತೃವಂದನಾ ಮೊತ್ತ ಎರಡೂ ಸಂಸತ್ತಿನ ವಿಷಯ. ತಾಯಿ-ಮಕ್ಕಳ ಸಂಶೋಧನೆಗೆ ಎಷ್ಟು ಹಣ ಹೋಗ್ತಿದೆ, ವಿದೇಶಿ ನೆರವು ನಿಂತರೆ ಆ ಜಾಗ ಯಾರು ತುಂಬುತ್ತಾರೆ? ಇಷ್ಟನ್ನು ಒಂದು ಪುಟದ ಪತ್ರದಲ್ಲಿ ಬರೆದು, ಸದನದಲ್ಲಿ ಕೇಳಿ ಅಂತ ಕೊಡಿ. ಹತ್ತು ಬೇಡಿಕೆ ಬೇಡ, ಒಂದೇ ಸಾಕು.

ಎರಡು, ಶಾಸಕರನ್ನು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ರಕ್ತ ಶೇಖರಣಾ ಘಟಕ ಇವೆಲ್ಲಾ ರಾಜ್ಯವನ್ನು ಕೇಳಬೇಕಾದವು. ರಾಜ್ಯ ಬಜೆಟ್ ಮಂಡನೆಗೆ ಎರಡು-ಮೂರು ತಿಂಗಳು ಮೊದಲೇ ಕೇಳಬೇಕು, ಆಮೇಲೆ ಕೇಳಿದರೆ ಊಟ ಮುಗಿದ ಮೇಲೆ ಎಲೆ ಹಾಕಿದಂಗೆ.

ಮೂರು, ಸುತ್ತಲಿನ ಹಳ್ಳಿಗಳ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯನ್ನು. ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇರುವ ಈ ಸಮಿತಿಯ ಸಭೆ ಕೊನೆಗೆ ಯಾವಾಗ ಆಯಿತು ಅಂತ ಕೇಳಿ. ಉತ್ತರ ಸಿಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.

ನಾಲ್ಕು, ಜಿಲ್ಲಾಡಳಿತವನ್ನು. ಪ್ರತಿ ತಾಯಿ ಮರಣದ ವಿಮರ್ಶೆ ಆಗಬೇಕು. ಜಿಲ್ಲಾಧಿಕಾರಿ ಮಟ್ಟದ ವಿಮರ್ಶೆಗೆ ಸತ್ತವಳ ಕುಟುಂಬದವರನ್ನೂ ಕರೆಯಬೇಕು ಅನ್ನುತ್ತದೆ ಮಾರ್ಗಸೂಚಿ. ಇದು ಬಹಳ ಮನೆಗಳಿಗೆ ಗೊತ್ತೇ ಇಲ್ಲ.

ಗಡಿಯ ಊರಿಗೆ ಇನ್ನೂ ಒಂದು ಪ್ರಶ್ನೆ ಇದೆ. ದೂಧಗಂಗೆ ದಾಟಿದರೆ ಕೊಲ್ಲಾಪುರದ ಹಳ್ಳಿಗಳು. ಸೊಸೆಯ ತವರು ಆಚೆ, ಅತ್ತೆಮನೆ ಈಚೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ತಾಯಿ ಕಾರ್ಡ್ ಈ ರಾಜ್ಯದ್ದು, ಬಾಣಂತನ ಆ ರಾಜ್ಯದ್ದು. ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಬಸುರಿಯರದ್ದೂ ಇದೇ ಕತೆ. ಎರಡೂ ಕಡೆ ಪಟ್ಟಿಯಲ್ಲಿ ಹೆಸರಿದ್ದರೂ ಹೊಣೆ ಯಾರದು ಅಂತ ಕೇಳುವವರು ಬೇಕು.

ಇಪ್ಪತ್ತು ವರ್ಷದ ಹಿಂದೆ ನಮ್ಮ ಜಿಲ್ಲೆಯ ತಾಯಂದಿರು ಒಪ್ಪಿಗೆ ಕೊಟ್ಟು ಜಗತ್ತಿಗೆ ಒಂದು ಲೆಕ್ಕ ಕೊಟ್ಟರು. ಅದರ ಖರ್ಚು ಏಕಸಂಬಿಯನ್ನು ನಕಾಶೆಯಲ್ಲೂ ನೋಡದ ಯಾರೋ ತೆರಿಗೆದಾರರದ್ದು. ಮುಂದಿನ ಬಜೆಟ್ಟಿಗೆ ಮೊದಲು ನಾವು ಬರೆಯಬೇಕಾದದ್ದು ಒಂದು ಪುಟದ ಪತ್ರ. ಆ ತಾಯಂದಿರು ಕೊಟ್ಟದ್ದರ ಮುಂದೆ ಇದೇನು ದೊಡ್ಡದಲ್ಲ.